ಎಳ್ಳಮಾವಾಸ್ಯೆ ರಾತ್ರಿ, 720 ಕ್ಲಿಕ್

"ಒಂದ ಫೋಟೋಕ್ಕ ಎಷ್ಟ ಸಲ ಕಟಕಟ ಅನಸ್ತೀಯವ್ವಾ?" ಅಂತ ಕಾಕಾ ಕೇಳಿದಾಗ ರಾತ್ರಿ ಹತ್ತೂವರೆ. ಇಂಡಿ ತಾಲ್ಲೂಕಿನ ನಮ್ಮೂರ ಹೊಲದಲ್ಲಿ, ನಿಂಬೆ ಗಿಡಗಳ ಪಕ್ಕ, ಕಂಬಳಿ ಹಾಸಿಕೊಂಡು ಕೂತಿದ್ದೆವು.

"ಏಳುನೂರ ಇಪ್ಪತ್ತು" ಅಂದೆ.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕ್ಯಾಮೆರಾ ಕೆಟ್ಟೈತೇನ ಮತ್ತ?" ಅಂದರು.

ಕೆಟ್ಟಿರಲಿಲ್ಲ. ಹೊಸದೂ ಅಲ್ಲ, ಅಷ್ಟೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ, 2023ರ ಕೊನೆಯಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತೊಗೊಂಡ 24 ಮೆಗಾಪಿಕ್ಸೆಲ್‌ನ ಮಾಮೂಲಿ ಡಿಎಸ್‌ಎಲ್‌ಆರ್. ಅದಕ್ಕೆ 21,000 ರೂಪಾಯಿ. 50 ಎಂಎಂ ಎಫ್/1.8 ಲೆನ್ಸ್, ಅದೂ ಹಳೆಯದೇ, 4,500. ಟ್ರೈಪಾಡ್ 1,700. ತಾನೇ ಎಣಿಸಿ ಕ್ಲಿಕ್ ಮಾಡುವ ಟೈಮರ್ ಕೇಬಲ್ 900. ಟೆಲಿಸ್ಕೋಪ್ ಇಲ್ಲ. ಆಕಾಶದ ಜೊತೆಗೆ ತಿರುಗುವ ಟ್ರ್ಯಾಕರ್ ಇಲ್ಲ. ಟ್ರ್ಯಾಕರ್ ಬೆಲೆ ನೋಡಿ ಆ ಪುಟವನ್ನೇ ಮುಚ್ಚಿದ್ದೆ.

ನನಗೆ ಬೇಕಾಗಿದ್ದು ಒಂದೇ ಚಿತ್ರ. ಮಹಾವ್ಯಾಧ, ಅಂದರೆ ಬೇಟೆಗಾರ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ, ಪಟ್ಟಿಗಳಲ್ಲಿ ಅದರ ಹೆಸರು ಎಂ42. ಚಳಿಗಾಲದ ಆಕಾಶದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರ ನೀವೂ ನೋಡಿರುತ್ತೀರಿ. ಅದು ಬೇಟೆಗಾರನ ಸೊಂಟದ ಪಟ್ಟಿ. ಅದರಿಂದ ನೇತಾಡುವ ಕತ್ತಿಯ ನಡುವೆ ಒಂದು ಮಸುಕಾದ ಚುಕ್ಕಿ ಇದೆ. ಅದು ನಕ್ಷತ್ರವಲ್ಲ, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ. ಇಂಥದ್ದನ್ನೆಲ್ಲ ದೊಡ್ಡ ವೀಕ್ಷಣಾಲಯದವರು ಮಾತ್ರ ತೆಗೀತಾರೆ ಅಂದುಕೊಂಡಿದ್ದೆ. ಟ್ರೈಪಾಡ್ ಮೇಲೆ ಬರೀ 50 ಎಂಎಂ ಲೆನ್ಸ್ ಇಟ್ಟೂ ತೆಗೀಬಹುದು ಅಂತ ಗೊತ್ತಾದ ದಿನ ನಿದ್ದೆ ಬರಲಿಲ್ಲ.

ಮೊದಲ ಪ್ರಯತ್ನ 2024ರ ಜನವರಿಯಲ್ಲಿ, ಬಾಡಿಗೆ ಮನೆಯ ತಾರಸಿಯ ಮೇಲೆ. ಲೆನ್ಸ್ ಮೇಲೆ ಅನಂತದ ಗುರುತು, ಅಂದರೆ ಮಲಗಿದ ಎಂಟು, ಇರುತ್ತಲ್ವಾ? ನಕ್ಷತ್ರಗಳು ಅನಂತ ದೂರದಲ್ಲಿವೆ, ಅಲ್ಲಿಗೇ ತಿರುಗಿಸಿದರಾಯ್ತು ಅಂತ ತಿರುಗಿಸಿದೆ. ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅಂತ ಹೇಳುವ ಐಎಸ್‌ಒ 6400, ಹದಿನೈದು ಸೆಕೆಂಡು. ಕ್ಲಿಕ್. ಪರದೆ ನೋಡಿದರೆ ಕಿತ್ತಳೆ ಬಣ್ಣದ ಮಂಜು. ಅದರಲ್ಲಿ ಊದಿಕೊಂಡ, ಅಡ್ಡಡ್ಡ ಎಳೆದ ಬೋಂಡಾಗಳು. ಆ ಬೋಂಡಾಗಳೇ ನಕ್ಷತ್ರ.

ಆ ಒಂದು ಫೋಟೋದಲ್ಲಿ ಎಷ್ಟು ತಪ್ಪಿದ್ದವು ಅಂತ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಆ ಮಲಗಿದ ಎಂಟನ್ನು ನಂಬಬಾರದು. ನಿಜವಾದ ಫೋಕಸ್ ಅದರ ಆಚೀಚೆ ಎಲ್ಲೋ ಇರುತ್ತದೆ. ದಾರಿ ಏನೆಂದರೆ, ಲೆನ್ಸ್ ನೋಡುವುದನ್ನು ಪರದೆಯಲ್ಲೇ ತೋರಿಸುವ ಲೈವ್ ವ್ಯೂ ಹಾಕಿ, ಹೊಳೆಯುವ ಒಂದು ನಕ್ಷತ್ರಕ್ಕೆ ಕ್ಯಾಮೆರಾ ತಿರುಗಿಸಿ, ಪರದೆಯನ್ನು ಹತ್ತು ಪಟ್ಟು ದೊಡ್ಡದು ಮಾಡಬೇಕು. ನಾನು ಲುಬ್ಧಕ ಹಿಡಿಯುತ್ತೇನೆ, ಅದಕ್ಕಿಂತ ಹೊಳೆಯುವ ನಕ್ಷತ್ರ ರಾತ್ರಿ ಆಕಾಶದಲ್ಲೇ ಇಲ್ಲ. ಆಮೇಲೆ ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ನಕ್ಷತ್ರ ಚಿಕ್ಕದಾಗುತ್ತಾ ಆಗುತ್ತಾ ಒಂದು ಹಂತ ದಾಟಿ ಮತ್ತೆ ದೊಡ್ಡದಾಗುತ್ತದೆ. ವಾಪಸ್ ಬಂದು ಅತಿ ಚಿಕ್ಕದಾದ ಜಾಗದಲ್ಲಿ ನಿಲ್ಲಿಸಿ, ಉಂಗುರಕ್ಕೆ ಟೇಪ್ ಅಂಟಿಸಬೇಕು. ಆಟೋಫೋಕಸ್ ಆಫ್ ಮಾಡಬೇಕು. ಇದನ್ನು ಮರೆತು ನಾನು ಎಷ್ಟು ಸಲ ಕೆಟ್ಟೆನೋ ಲೆಕ್ಕವಿಲ್ಲ.

ಇನ್ನು ನಕ್ಷತ್ರ ಎಳೆದ ಹಾಗೆ ಆಗಿದ್ದು ಭೂಮಿ ತಿರುಗುವುದರಿಂದ. ಇದರ ಲೆಕ್ಕ ಗೊತ್ತಾದಾಗ ನನಗೆ ಬಹಳ ಮಜಾ ಅನ್ನಿಸಿತು. ಆಕಾಶ ಒಂದು ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್, ಒಂದು ಗಂಟೆಯಲ್ಲಿ 3600 ಸೆಕೆಂಡ್. ಹಾಗಾಗಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ 3.7 ಮೈಕ್ರಾನ್ ಅಗಲ. 50 ಎಂಎಂ ಲೆನ್ಸ್ ಹಾಕಿದಾಗ ಅದು ಆಕಾಶದಲ್ಲಿ ಸುಮಾರು 15 ಆರ್ಕ್‌ಸೆಕೆಂಡ್ ನೋಡುತ್ತದೆ. ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಪಿಕ್ಸೆಲ್! ಹದಿನೈದು ಸೆಕೆಂಡು ಬಿಟ್ಟರೆ ನಕ್ಷತ್ರ ಹದಿನೈದು ಪಿಕ್ಸೆಲ್ ಉದ್ದದ ಗೆರೆಯಾಗದೆ ಇನ್ನೇನಾಗುತ್ತದೆ?

ಫೋಟೋ ತೆಗೆಯುವವರು '500ರ ಸೂತ್ರ' ಅಂತ ಒಂದು ಹೇಳುತ್ತಾರೆ. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಬೇಕು. ನನ್ನಂಥ ಚಿಕ್ಕ ಸೆನ್ಸರ್ ಇದ್ದರೆ ಆ ಎಂಎಂ ಅನ್ನು ಮೊದಲು 1.6ರಿಂದ ಗುಣಿಸಿಕೊಳ್ಳಬೇಕು. ನನಗೆ ಬಂದಿದ್ದು 6.25 ಸೆಕೆಂಡು. ಮಾಡಿ ನೋಡಿದೆ. ಮೊಬೈಲಿನಲ್ಲಿ ನೋಡಲು ಪರವಾಗಿಲ್ಲ. ಹಿಗ್ಗಿಸಿದರೆ ಪ್ರತಿ ನಕ್ಷತ್ರವೂ ಜೀರಿಗೆ ಕಾಳು. ಎರಡೂವರೆ ಸೆಕೆಂಡಿಗೆ ಇಳಿಸಿದೆ. ಜೀರಿಗೆ ಹೋಗಿ ಎಳ್ಳಾಯಿತು. ಎಳ್ಳು ಸಾಕು ಅಂತ ಅಲ್ಲಿಗೇ ನಿಂತೆ.

ಲೆನ್ಸನ್ನು ಪೂರ್ತಿ ತೆರೆದು ಎಫ್/1.8ರಲ್ಲಿ ಇಟ್ಟರೆ ಬೆಳಕೇನೋ ಜಾಸ್ತಿ ಬರುತ್ತದೆ. ಆದರೆ ಮೂಲೆಯ ನಕ್ಷತ್ರಗಳೆಲ್ಲ ರೆಕ್ಕೆ ಬಿಚ್ಚಿದ ಹಕ್ಕಿಗಳಾಗುತ್ತವೆ. ಎಫ್/2.8ಕ್ಕೆ ಇಳಿಸಿದೆ. ಐಎಸ್‌ಒ 1600. ಜೆಪೆಗ್ ಬಿಟ್ಟು, ಸೆನ್ಸರ್ ಕಂಡಿದ್ದನ್ನು ಹಾಗೇ ಉಳಿಸುವ ರಾ ಫೈಲ್. ಇಷ್ಟು ಪಾಕ ಹದವಾಗುವ ಹೊತ್ತಿಗೆ ಮಹಾವ್ಯಾಧ ಪಶ್ಚಿಮಕ್ಕೆ ಇಳಿದಾಗಿತ್ತು.

ಆದರೂ ತಾರಸಿಯಿಂದ ಒಂದು ಇನ್ನೂರು ಫೋಟೋ ತೆಗೆದು ಸೇರಿಸಿದೆ. ಎಂ42 ಬಂತು. ಬಂತು ಅಂದರೆ, ಸ್ವೆಟರ್‌ಗೆ ಅಂಟಿದ ಬೂದಿಯ ಹಾಗೆ. ಬೆಂಗಳೂರಿನ ಆಕಾಶಕ್ಕೆ ತನ್ನದೇ ಬೆಳಕಿದೆ. ಬೀದಿ ದೀಪ, ಹೋರ್ಡಿಂಗ್, ಅಪಾರ್ಟ್‌ಮೆಂಟು ಎಲ್ಲ ಸೇರಿ ಮೇಲಕ್ಕೆ ಚೆಲ್ಲಿದ ಬೆಳಕು. ನೀಹಾರಿಕೆಯ ಬೆಳಕು ಅದರೊಳಗೆ ಮುಳುಗಿ ಹೋಗುತ್ತದೆ. ಆಕಾಶದ ಕತ್ತಲೆ ಅಳೆಯಲು ಬಾರ್ಟಲ್ ಅನ್ನುವ ಒಂದು ಪಟ್ಟಿ ಇದೆ. 1 ಅಂದರೆ ಅಪ್ಪಟ ಕತ್ತಲೆ, 9 ಅಂದರೆ ನಗರದ ನಡುಮಧ್ಯ. ನಮ್ಮ ತಾರಸಿ 8ಕ್ಕೂ 9ಕ್ಕೂ ನಡುವೆ ಎಲ್ಲೋ ಇತ್ತು. ದುಡ್ಡು ಹಾಕಿ ಒಳ್ಳೆ ಲೆನ್ಸ್ ತರಬಹುದು, ಕತ್ತಲೆ ಎಲ್ಲಿಂದ ತರೋದು?

ಜೂನ್ ಬಂತು, ಮೋಡ ಬಂತು. ಅಕ್ಟೋಬರ್ ತನಕ ಕ್ಯಾಮೆರಾ ಕಪಾಟಿನಲ್ಲಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಗೋಡೆಯ ಕ್ಯಾಲೆಂಡರ್ ತಿರುವಿ ಹಾಕುತ್ತಿದ್ದೆ. ಈ ಹವ್ಯಾಸಕ್ಕೆ ಬಿದ್ದವರು ಹಬ್ಬ ನೋಡುವುದಿಲ್ಲ, ಅಮಾವಾಸ್ಯೆ ನೋಡುತ್ತಾರೆ. ಚಂದ್ರನಿದ್ದರೆ ಬೆಂಗಳೂರೇ ತಲೆ ಮೇಲೆ ಬಂದ ಹಾಗೆ. ಡಿಸೆಂಬರ್ 30, ಸೋಮವಾರ, ಕಪ್ಪು ಚುಕ್ಕೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಎಳ್ಳಮಾವಾಸ್ಯೆ'. ಪ್ರತಿ ವರ್ಷ ಊರಿಗೆ ಹೋಗಿ ಹೊಲದಲ್ಲಿ ಕೂತು ಊಟ ಮಾಡುವ ದಿನ! ಡಿಸೆಂಬರ್ ಕೊನೆಗೆ ಮಹಾವ್ಯಾಧ ರಾತ್ರಿ ಹನ್ನೊಂದೂವರೆ ಹೊತ್ತಿಗೆ ನೆತ್ತಿಯ ಹತ್ತಿರ ಬರುತ್ತಾನೆ. ವರ್ಷವಿಡೀ ಕತ್ತಲೆ ಹುಡುಕಿದವಳಿಗೆ ಅದು ನಮ್ಮ ಹೊಲದಲ್ಲೇ ಬಿದ್ದಿರುವುದು ಹೊಳೆದಿರಲಿಲ್ಲ ನೋಡಿ.

ಹಬ್ಬದ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ಕಥೆ ಊಟದಲ್ಲೇ ಮುಗಿಯುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಬನ್ನಿ ಮರದ ಕೆಳಗೆ ಉಂಡು, ಸಂಜೆ ಮನೆಗೆ ಬಂದೆವು. ಆಗ ಮೆಲ್ಲಗೆ ವಿಷಯ ತೆಗೆದೆ.

"ಅಮಾಸಿ ರಾತ್ರಿ ಹೊಲಕ್ಕ ಹೋಗ್ತಾಳಂತ! ಬುದ್ಧಿ ಎಲ್ಲಿಟ್ಟಿ?" ಆಯಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು.

ನಮ್ಮ ಕಡೆ ಅಮಾವಾಸ್ಯೆ ರಾತ್ರಿ ಹೊರಗೆ ತಿರುಗುವುದಿಲ್ಲ. ಗಾಳಿ, ದೆವ್ವ, ಹಾವು, ಏನೇನೋ. ಹುಣ್ಣಿಮೆಗೆ ಹೋಗು ಅಂತ ಆಯಿ ರಾಜಿಗೆ ಬಂದರು. ಹುಣ್ಣಿಮೆ ಯಾಕೆ ಬೇಡ ಅಂತ ವಿವರಿಸಲು ಹೋಗಿ ನಾನೇ ಸಿಕ್ಕಿಕೊಂಡೆ.

ಕಾಕಾ ಬಿಡಿಸಿದರು. "ನಾ ಹೋಗ್ತೀನಿ ಬಿಡವ್ವ ಜೋಡಿ. ಹೆಂಗೂ ಹನ್ನೊಂದಕ್ಕ ತ್ರೀ ಫೇಸ್ ಬರತೈತಿ, ನಿಂಬಿಗಿಡಕ್ಕ ನೀರ ಬಿಡೂದೈತಿ." ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬರುವುದರಿಂದ ನಮ್ಮ ರೈತರಿಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ದೆವ್ವಕ್ಕಿಂತ ಕರೆಂಟು ಹೋಗುವ ಹೆದರಿಕೆ ಜಾಸ್ತಿ.

ಹೊರಡುವ ಮುಂಚೆ ಅಂಗಳದಲ್ಲಿ ಆಯಿಗೆ ಆಕಾಶ ತೋರಿಸಿದೆ. ಪಶ್ಚಿಮದಲ್ಲಿ ಶುಕ್ರ ದೀಪ ಹಚ್ಚಿಟ್ಟ ಹಾಗೆ ಉರಿಯುತ್ತಿತ್ತು. ಪೂರ್ವದಲ್ಲಿ ಗುರು, ಅದರ ಹತ್ತಿರವೇ ಕೆಂಪಗೆ ರೋಹಿಣಿ. ಕೆಳಗೆ ಆಗತಾನೆ ಮೇಲೇರುತ್ತಿದ್ದ ಬೇಟೆಗಾರ. "ಆಯಿ, ಇದೇ ಮಿರಗ" ಅಂದೆ.

"ಮಿರಗ ಅಂದ್ರ ಮಳಿ. ಜೂನ್‌ದಾಗ ಬರತೈತಿ. ಈಗ ಎಲ್ಲಿ ಮಿರಗ?"

ಆಯಿಗೆ ಇಪ್ಪತ್ತೇಳೂ ಮಳೆಯ ಹೆಸರು ಬಾಯಿಗೆ ಬರುತ್ತದೆ. ಯಾವ ಮಳೆಗೆ ಯಾವ ಬಿತ್ತನೆ ಅಂತಲೂ ಗೊತ್ತು. ಆದರೆ ಆ ಹೆಸರಿನ ನಕ್ಷತ್ರ ಅವರು ನೋಡಿಲ್ಲ. ಆ ಮಳೆ ಬೀಳುವಾಗ ನೋಡಲು ಆಗುವುದೂ ಇಲ್ಲ! ಸೂರ್ಯ ಮೃಗಶಿರಾ ನಕ್ಷತ್ರದಲ್ಲಿ ಇರುವಾಗ ಬೀಳುವುದೇ ಮಿರಗದ ಮಳೆ. ಸೂರ್ಯ ಅಲ್ಲೇ ಇದ್ದರೆ ನಕ್ಷತ್ರ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಆರು ತಿಂಗಳು ಕಳೆದು ಸೂರ್ಯ ಎದುರು ದಿಕ್ಕಿಗೆ ಹೋದಾಗ ಅದು ರಾತ್ರಿಯಿಡೀ ಕಾಣುತ್ತದೆ. ಇದನ್ನು ನಾನು ಒಂದು ಚರಿಗೆ, ಒಂದು ಬುಟ್ಟಿ ಇಟ್ಟು ಹೇಳಿದೆ. ಆಯಿ ಕೇಳಿಸಿಕೊಂಡು, "ಹಂಗಾರ ಮಳಿ ಹೆಸರು ಇವರಿಂದ ಬಂದಾವು" ಅಂತ ಸುಮ್ನೆ ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತರು. ಆಮೇಲೆ ಒಳಗೆ ಹೋಗಿ ಒಂದು ಉಪ್ಪಿನ ಗಂಟು ತಂದರು.

ಅದರ ಕಥೆ ಇದು. ಡಿಸೆಂಬರ್ ರಾತ್ರಿ ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಅದಕ್ಕೆ ಹೀಟರ್ ಪಟ್ಟಿ ಸಿಗುತ್ತದೆ, ನಾನು ತಂದಿರಲಿಲ್ಲ. ಗಾಜು ಸ್ವಲ್ಪ ಬೆಚ್ಚಗಿದ್ದರೆ ಸಾಕು ಅಂತ ಮಧ್ಯಾಹ್ನ ಆಯಿಗೆ ಹೇಳಿದ್ದೆ. ಆಯಿ ತಮ್ಮ ಮೊಣಕಾಲಿಗೆ ಕಾವು ಕೊಡುವ ಕಲ್ಲುಪ್ಪಿನ ಗಂಟನ್ನು ಹಂಚಿನ ಮೇಲೆ ಬಿಸಿ ಮಾಡಿ, ಟವೆಲ್ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟರು.

ಹೊಲದಲ್ಲಿ ಕತ್ತಲೆ ಅಂದರೆ ಕತ್ತಲೆ. ಉತ್ತರಕ್ಕೆ ಸೊಲ್ಲಾಪುರದ ಬೆಳಕು, ನೈಋತ್ಯಕ್ಕೆ ವಿಜಯಪುರದ ಬೆಳಕು ಮಾತ್ರ ದಿಗಂತದಲ್ಲಿ ತೆಳ್ಳಗೆ ಹಾಲು ಚೆಲ್ಲಿದ ಹಾಗೆ. ಅದರ ಮೇಲೆಲ್ಲ ಚುಕ್ಕಿ. ಬೇಟೆಗಾರನ ಕತ್ತಿಯಲ್ಲಿ ಆ ಮಸುಕು ಬರಿಗಣ್ಣಿಗೇ ಕಂಡಿತು. ಬೆಂಗಳೂರಿನಲ್ಲಿ ಅಲ್ಲಿ ಏನೋ ಇದೆ ಅಂತ ನಂಬಿಕೊಂಡು ಕ್ಯಾಮೆರಾ ತಿರುಗಿಸುತ್ತಿದ್ದೆ.

ಶುರು ಮಾಡಿದ ಹತ್ತು ನಿಮಿಷಕ್ಕೆ ಮೊದಲ ಎಡವಟ್ಟು. ಎರಡೂವರೆ ಸೆಕೆಂಡಿನ ಫೋಟೋ ಆದ ಮೇಲೆ ಕ್ಯಾಮೆರಾ ಇನ್ನೂ ಎರಡೂವರೆ ಸೆಕೆಂಡು 'ಬ್ಯುಸಿ' ಅಂತ ಕೂರುತ್ತಿತ್ತು. ಟೈಮರ್ ಕ್ಲಿಕ್ ಒತ್ತುತ್ತದೆ, ಕ್ಯಾಮೆರಾ ಕೇಳುವುದಿಲ್ಲ. ಒಂದು ಬಿಟ್ಟು ಒಂದು ಫೋಟೋ ನಾಪತ್ತೆ. ನೋಡಿದರೆ ಮೆನುವಿನಲ್ಲಿ 'ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್' ಆನ್ ಇತ್ತು. ಅದು ಪ್ರತಿ ಫೋಟೋದ ಹಿಂದೆ ಶಟರ್ ಮುಚ್ಚಿಕೊಂಡು ಇನ್ನೊಂದು ಕತ್ತಲೆ ಫೋಟೋ ತೆಗೆದು ಕಳೆಯುತ್ತದೆ. ಆಫ್ ಮಾಡಿ ಮೊದಲಿಂದ ಶುರು.

ಹಾಗಾದರೆ 720 ಯಾಕೆ? ಕಾಕಾಗೆ ಹೇಳಿದ್ದನ್ನೇ ಹೇಳುತ್ತೇನೆ. ಎರಡೂವರೆ ಸೆಕೆಂಡಿನಲ್ಲಿ ನೀಹಾರಿಕೆಯಿಂದ ಬರುವ ಬೆಳಕು ಚೂರೇ ಚೂರು. ಕ್ಯಾಮೆರಾದ ಕಚಪಚ, ಅಂದರೆ ನಾಯ್ಸ್, ಅದಕ್ಕಿಂತ ಜಾಸ್ತಿ. ಆದರೆ ನೀಹಾರಿಕೆ ಪ್ರತಿ ಫೋಟೋದಲ್ಲೂ ನಕ್ಷತ್ರಗಳ ನಡುವೆ ಅದೇ ಜಾಗದಲ್ಲಿರುತ್ತದೆ, ಕಚಪಚ ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಎಲ್ಲದರ ಸರಾಸರಿ ತೆಗೆದರೆ ಕಚಪಚ ತಾನೇ ತಾನಾಗಿ ಕಡಿಮೆಯಾಗುತ್ತದೆ. ನೂರು ಫೋಟೋ ಸೇರಿಸಿದರೆ ಹತ್ತನೇ ಒಂದು ಭಾಗ. ನಾನೂರು ಸೇರಿಸಿದರೆ ಇಪ್ಪತ್ತನೇ ಒಂದು. ವರ್ಗಮೂಲದ ಲೆಕ್ಕ. 720 ಫೋಟೋ ಅಂದರೆ ಒಟ್ಟು ಮೂವತ್ತು ನಿಮಿಷದ ಬೆಳಕು.

"ಅಂದ್ರ ಪಿಗ್ಮಿ ಕಟ್ಟಿದಂಗ" ಅಂದರು ಕಾಕಾ. ದಿನಾ ಬಂದು ಹತ್ತಿಪ್ಪತ್ತು ರೂಪಾಯಿ ಒಯ್ಯುವ ಸೊಸೈಟಿಯ ಪಿಗ್ಮಿ. ಹೀಗೆ ಫೋಟೋಗಳನ್ನು ಒಂದರ ಮೇಲೊಂದು ಸೇರಿಸುವ ಸ್ಟ್ಯಾಕಿಂಗ್ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಟ್ರ್ಯಾಕರ್ ಇಲ್ಲದ ಕಾರಣ ಆಕಾಶ ಸರಿಯುತ್ತಲೇ ಇರುತ್ತದೆ. ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮೂರು ನಕ್ಷತ್ರದ ಪಟ್ಟಿಯನ್ನು ಮತ್ತೆ ಅದೇ ಜಾಗಕ್ಕೆ ತಂದು, ಅಲುಗಾಟ ನಿಲ್ಲುವ ತನಕ ಕಾದು, ಮತ್ತೆ ಶುರು ಮಾಡಬೇಕು. ಬೇಸರದ ಕೆಲಸ. ಆದರೆ ಇದರಿಂದ ಒಂದು ಲಾಭವೂ ಇದೆ. ಪ್ರತಿ ಸಲ ಜಾಗ ಸ್ವಲ್ಪ ಆಚೀಚೆ ಆಗುವುದರಿಂದ ಸೆನ್ಸರಿನ ಕಲೆಗಳು ಒಂದೇ ಕಡೆ ಕೂರುವುದಿಲ್ಲ. ಸುಮ್ನೆ ಬಿಟ್ಟರೆ ಕೊನೆಯ ಚಿತ್ರದಲ್ಲಿ ಓರೆಯಾಗಿ ಮಳೆ ಸುರಿದ ಹಾಗೆ ಗೆರೆಗಳು ಬರುತ್ತವೆ. ತಾರಸಿಯ ಫೋಟೋದಲ್ಲಿ ನನಗೆ ಬಂದಿತ್ತು.

ಹನ್ನೊಂದಕ್ಕೆ ಕರೆಂಟು ಬಂತು. ಪಂಪಿನ ಶೆಡ್ಡಿನ ಬಲ್ಬು ಫಕ್ಕನೆ ಹತ್ತಿತು. ನಾನು "ಕಾಕಾ!" ಅಂತ ಚೀರಿದೆ. ಕಾಕಾ ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು. ಬಲ್ಬು ಅಂತ ಗೊತ್ತಾಗಿ ಬೈಯುತ್ತಲೇ ಹೋಗಿ ಅದನ್ನು ಬಿಚ್ಚಿಟ್ಟು, ಮೋಟಾರು ಹಾಕಿ, ನೀರು ತಿರುವಲು ಹೋದರು. ಆಮೇಲೆ ಒಂದು ಗಂಟೆ ನನಗೆ ಕೇಳಿದ್ದು ನೀರಿನ ಸದ್ದು ಮತ್ತು ಕ್ಲಿಕ್ ಕ್ಲಿಕ್.

ಉಪ್ಪಿನ ಗಂಟು ಮುಕ್ಕಾಲು ಗಂಟೆ ಕೆಲಸ ಮಾಡಿತು. ಲೆನ್ಸಿನ ಮುಂಭಾಗಕ್ಕೆ ಟವೆಲ್ ಸಮೇತ ಸುತ್ತಿ ದಾರ ಕಟ್ಟಿದ್ದೆ. ತುಂಬ ಬಿಸಿ ಇದ್ದರೆ ಫೋಕಸ್ ಸರಿಯುತ್ತದೆ, ಅದಕ್ಕೆ ಕಟ್ಟಿದ ಮೇಲೆ ಇನ್ನೊಮ್ಮೆ ಲುಬ್ಧಕನ ಮೇಲೆ ಫೋಕಸ್ ನೋಡಬೇಕಾಯಿತು. ಗಂಟು ತಣ್ಣಗಾದ ಮೇಲಿನ ಫೋಟೋಗಳು ಒಂದೊಂದಾಗಿ ಮಬ್ಬಾಗುತ್ತಾ ಹೋದವು. ನಡುವೆ ಒಮ್ಮೆ ಬ್ಯಾಟರಿ ಸತ್ತಿತು. ಅದನ್ನು ಬದಲಾಯಿಸುವಾಗ ಟ್ರೈಪಾಡಿನ ಕಾಲಿಗೆ ನನ್ನ ಕಾಲು ಬಡಿಯಿತು.

ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ ಮೂವತ್ತು ಫೋಟೋ ತೆಗೆಯುತ್ತಿದ್ದಾಗ ಕಾಕಾ ವಾಪಸ್ ಬಂದರು. "ಮುಚ್ಚಳ ಹಾಕಿ ಯಾತರ ಫೋಟೋ?" ಅದೇ ಚಳಿಯಲ್ಲಿ, ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ ಕತ್ತಲೆಯನ್ನೇ ತೆಗೆದರೆ ಸೆನ್ಸರಿನ ಸ್ವಂತ ಕಲೆಗಳು ಗೊತ್ತಾಗುತ್ತವೆ, ಆಮೇಲೆ ಕಳೆಯಬಹುದು ಅಂದೆ. ಡಾರ್ಕ್ ಫ್ರೇಮ್. ಚೀಲದ ತೂಕ ಕಳೆದು ಜೋಳ ತೂಗಿದ ಹಾಗೆ. ಇದು ಅವರಿಗೆ ತಕ್ಷಣ ಅರ್ಥವಾಯಿತು. ಬೆಳಿಗ್ಗೆ ಲೆನ್ಸಿಗೆ ಬಿಳಿ ಅಂಗಿ ಕಟ್ಟಿ ಆಕಾಶಕ್ಕೆ ಹಿಡಿದು ಇನ್ನೊಂದು ಮೂವತ್ತು ತೆಗೆದೆ. ಅದು ಫ್ಲ್ಯಾಟ್, ಮೂಲೆಗಳ ಮಬ್ಬು ಮತ್ತು ಧೂಳಿನ ಕಲೆ ತೆಗೆಯಲು.

ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಒಂದೊಂದು ರಾ ಫೈಲ್ ಸುಮಾರು 30 ಎಂಬಿ, ಒಟ್ಟು 20 ಜಿಬಿ ದಾಟಿತ್ತು. ಮಬ್ಬಾದವು, ಅಲುಗಾಡಿದವು ತೆಗೆದ ಮೇಲೆ ಉಳಿದಿದ್ದು 540. ಅಂದರೆ ಇಪ್ಪತ್ತೆರಡೂವರೆ ನಿಮಿಷ. ವಿಮಾನ, ಉಪಗ್ರಹದ ಗೆರೆ ಇದ್ದವನ್ನು ಬಿಡಲಿಲ್ಲ. ಐನೂರ ನಲವತ್ತರಲ್ಲಿ ಒಂದರಲ್ಲಿ ಮಾತ್ರ ಇರುವ ಗೆರೆಯನ್ನು ಸಾಫ್ಟ್‌ವೇರ್ ತಾನೇ ಕಿತ್ತೆಸೆಯುತ್ತದೆ. ನಾನು ಬಳಸುವುದು ಸಿರಿಲ್ ಅನ್ನುವ ಉಚಿತ ತಂತ್ರಾಂಶ. ಡೀಪ್‌ಸ್ಕೈಸ್ಟ್ಯಾಕರ್ ಕೂಡ ಉಚಿತ, ಮೊದಲ ಸಲಕ್ಕೆ ಅದೇ ಸುಲಭ.

ರಾತ್ರಿ ಸ್ಟ್ಯಾಕಿಂಗ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ 'ಡಿಸ್ಕ್ ತುಂಬಿದೆ'. ಒಂದೊಂದು ಫೋಟೋವನ್ನೂ ಬಣ್ಣಕ್ಕೆ ಬಿಡಿಸಿದಾಗ 144 ಎಂಬಿ ಆಗುತ್ತದೆ. 540 ಸಲ ಗುಣಿಸಿ ನೋಡಿ, 77 ಜಿಬಿ. ನನ್ನ ಹತ್ತಿರ ಖಾಲಿ ಇದ್ದಿದ್ದು 50. ರೂಮ್‌ಮೇಟ್ ಹತ್ತಿರ ಹಾರ್ಡ್ ಡಿಸ್ಕ್ ಸಾಲ ತಂದು ಮತ್ತೆ ಹಾಕಿದೆ.

ಕೊನೆಗೂ ಫಲಿತಾಂಶ ಬಂತು. ತೆರೆದೆ. ಕಪ್ಪು. ಬರೀ ಕಪ್ಪು, ನಾಲ್ಕು ಚುಕ್ಕೆ.

ಒಂದು ನಿಮಿಷ ನಿಜವಾಗಿ ಹೊಟ್ಟೆ ತೊಳಸಿದ ಹಾಗಾಯಿತು. ಇದು ಮೊದಲ ಸಲ ಮಾಡುವ ಎಲ್ಲರಿಗೂ ಆಗುವುದೇ ಅಂತ ಆಮೇಲೆ ತಿಳಿಯಿತು. ಸೇರಿಸಿದ ಬೆಳಕೆಲ್ಲ ಚಿತ್ರದ ಕತ್ತಲೆ ತುದಿಯ ಒಂದು ಸಣ್ಣ ಪಟ್ಟಿಯಲ್ಲಿ ಮುದುರಿಕೊಂಡು ಕೂತಿರುತ್ತದೆ. ಅದನ್ನು ಹಿಗ್ಗಿಸಬೇಕು. ಸಿರಿಲ್‌ನಲ್ಲಿ ಆಟೋಸ್ಟ್ರೆಚ್ ಒತ್ತಿದೆ. ಪರದೆ ತುಂಬ ಹಸಿರು. ಕ್ಯಾಮೆರಾ ಸೆನ್ಸರಿನಲ್ಲಿ ಒಂದು ಕೆಂಪು, ಒಂದು ನೀಲಿಗೆ ಎರಡು ಹಸಿರು ಪಿಕ್ಸೆಲ್ ಇರುತ್ತವೆ, ಅದರ ಪ್ರತಾಪ. ಆದರೆ ಆ ಹಸಿರಿನ ನಡುವೆ ರೆಕ್ಕೆ ಬಿಚ್ಚಿಕೊಂಡು ಅದು ಕೂತಿತ್ತು. ಎಂ42. ಮೇಲೆ ಪುಟ್ಟದಾಗಿ ಎನ್‌ಜಿಸಿ 1977 ಅನ್ನುವ ಇನ್ನೊಂದು ನೀಹಾರಿಕೆ. ಪಟ್ಟಿಯ ಎಡ ನಕ್ಷತ್ರದ ಪಕ್ಕ ಒಂದು ಕಂದು ಮಚ್ಚೆ, ಜ್ವಾಲೆ ನೀಹಾರಿಕೆ. ಅದು ಬರುತ್ತದೆ ಅಂತ ನಾನು ಎಣಿಸಿಯೇ ಇರಲಿಲ್ಲ.

ಆಮೇಲಿನ ಮೂರು ರಾತ್ರಿ ಹಾಳು ಮಾಡಿದೆ ಅಂತಲೇ ಹೇಳಬೇಕು. ಬಣ್ಣ ಏರಿಸಿದೆ, ಇನ್ನೂ ಏರಿಸಿದೆ. ರೂಮ್‌ಮೇಟ್ ನೋಡಿ "ಬೀಟ್‌ರೂಟ್ ಪಲ್ಯ ಚೆನ್ನಾಗಿದೆ" ಅಂದಳು. ಅಳಿಸಿ ಮತ್ತೆ ಶುರು ಮಾಡಿದೆ. ಹಿನ್ನೆಲೆಯ ಬೆಳಕು ತೆಗೆ, ಬಣ್ಣ ಸರಿ ಮಾಡು, ಹಸಿರು ತೆಗೆ, ನಿಧಾನಕ್ಕೆ ಹಿಗ್ಗಿಸು, ನಿಲ್ಲಿಸು. ಕೊನೆಯದೇ ಕಷ್ಟ. ನಡುವಿನ ಹೊಳಪು ಸುಟ್ಟು ಬಿಳಿಯಾಗಿದೆ, ಅದಕ್ಕೆ ಇನ್ನೂ ಕಡಿಮೆ ಸೆಕೆಂಡಿನ ಫೋಟೋ ಬೇರೆ ಬೇಕಿತ್ತು. ಕುದುರೆ ತಲೆ ನೀಹಾರಿಕೆ ಬಂದಿಲ್ಲ. ಹೈಡ್ರೋಜನ್ನಿನ ಕಡುಗೆಂಪು ಬೆಳಕನ್ನು, 656 ನ್ಯಾನೋಮೀಟರಿನದು, ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರ್ ಬಹುಪಾಲು ತಡೆಯುತ್ತದೆ.

ಎಂ42ರ ಮೊದಲ ಫೋಟೋ ತೆಗೆದವರು ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30, ನ್ಯೂಯಾರ್ಕ್ ರಾಜ್ಯದಲ್ಲಿ. 11 ಇಂಚಿನ ಟೆಲಿಸ್ಕೋಪ್, 51 ನಿಮಿಷ. ಆ ಚಿತ್ರವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೇಳಿಕೊಳ್ಳಬಾರದು, ಆದರೆ ನನ್ನದರಲ್ಲಿ ಬಣ್ಣ ಇದೆ.

ಚಿತ್ರವನ್ನು ಊರಿಗೆ ವಾಟ್ಸ್‌ಆ್ಯಪ್ ಮಾಡಿದೆ. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನೀಹಾರಿಕೆ ಇರುವುದು 240 ಪಿಕ್ಸೆಲ್. ಕಾಕಾ ಫೋನ್ ಮಾಡಿದರು. "ಇಷ್ಟ ಐತೇನು?" ಹಿಗ್ಗಿಸಿ ನೋಡಿ ಅಂದೆ. ಹಿಗ್ಗಿಸಿದರು. ಈ ಬೆಳಕು ಅಲ್ಲಿಂದ ಹೊರಟು ಸುಮಾರು 1300 ವರ್ಷ ಆಯಿತು, ಬಾದಾಮಿ ಚಾಲುಕ್ಯರು ಇದ್ದಾಗ ಹೊರಟಿದ್ದು ಅಂದೆ. "ಹೊಲಕ್ಕ ಬಂದು ಮುಟ್ಟೂ ಹೊತ್ತಿಗೆ ನೀ ಬಲ್ಬ್ ಆರಸಂತ ಚೀರಾಕತ್ತಿದ್ದಿ" ಅಂದರು.

ಜನವರಿ ತುಂಬ ಹಲಗೆ ಬಗ್ಗೆ ಯೋಚಿಸಿದೆ. ಟ್ರ್ಯಾಕರ್ ಕೊಳ್ಳಲಾಗದವರು ಮಾಡಿಕೊಳ್ಳುವ ಒಂದು ಸಾಧನ ಇದೆ. ಎರಡು ಹಲಗೆ, ಒಂದು ಬಿಜಾಗರಿ, ಒಂದು ಬೋಲ್ಟು. ಬಿಜಾಗರಿಯ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿ ಮಾಡಿ, ಬೋಲ್ಟು ತಿರುಗಿಸುತ್ತಾ ಮೇಲಿನ ಹಲಗೆಯನ್ನು ಆಕಾಶದ ವೇಗದಲ್ಲೇ ಎತ್ತುತ್ತಾ ಹೋಗಬೇಕು. ಎಂ6 ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಬೇಕೆಂದರೆ ಬೋಲ್ಟು ಬಿಜಾಗರಿಯಿಂದ 22.9 ಸೆಂಟಿಮೀಟರ್ ದೂರ ಇರಬೇಕು. ಊರ ಬಡಿಗೇರರ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಖರ್ಚು 350 ರೂಪಾಯಿ. ಬೋಲ್ಟಿನ ತಲೆಗೆ ಹಳೆಯ ಸಿಡಿ ಅಂಟಿಸಿ ಅದರ ಅಂಚಿಗೆ ಗಡಿಯಾರದಂತೆ ಗುರುತು ಹಾಕಿದೆ.

2025ರ ಫೆಬ್ರವರಿ 26, ಶಿವರಾತ್ರಿ. ಈ ಸಲ ಆಯಿ ತಕರಾರು ಮಾಡಲಿಲ್ಲ. ಹೇಗೂ ಜಾಗರಣೆ, ಹೊಲದಲ್ಲಿ ಮಾಡಿದರೇನು, ಗುಡಿಯಲ್ಲಿ ಮಾಡಿದರೇನು. ಚಂದ್ರ ಹುಟ್ಟುವುದು ಬೆಳಗಿನ ಜಾವ. ಬೇಟೆಗಾರ ಸಂಜೆ ಏಳೂವರೆಗೇ ನೆತ್ತಿ ದಾಟಿರುತ್ತಾನೆ, ಬೇಗ ಶುರು ಮಾಡಬೇಕು. ನಮ್ಮೂರಿಂದ ಧ್ರುವ ದಿಗಂತಕ್ಕಿಂತ 17 ಡಿಗ್ರಿ ಮಾತ್ರ ಮೇಲೆ, ಕೈ ಚಾಚಿ ಹಿಡಿದ ಮುಷ್ಟಿ ಎರಡೂ ತುಂಬುವುದಿಲ್ಲ. ಅದೂ ಸೊಲ್ಲಾಪುರದ ಬೆಳಕಿನ ಅಂಚಿನಲ್ಲಿ. ಬಿಜಾಗರಿಗೆ ಕಟ್ಟಿದ ಸ್ಟ್ರಾದೊಳಗಿಂದ ಅದನ್ನು ಹುಡುಕಲು ಇಪ್ಪತ್ತು ನಿಮಿಷ ಮಣ್ಣಿನಲ್ಲಿ ಮಲಗಿದ್ದೆ.

ಬೋಲ್ಟು ತಿರುಗಿಸುವ ಕೆಲಸ ಕಾಕಾರದು. ಮೊದಲು ಹದಿನೈದು ಸೆಕೆಂಡಿಗೊಮ್ಮೆ ಕಾಲು ಸುತ್ತು ಅಂತ ಹೇಳಿದ್ದೆ. ಒಂದು ನಿಮಿಷದ ಫೋಟೋ ತೆಗೆದು ನೋಡಿದರೆ ಮತ್ತೆ ಅದೇ ಹದಿನೈದು ಪಿಕ್ಸೆಲ್ ಗೆರೆ. ನನ್ನದೇ ತಪ್ಪು. ಎರಡು ತಿರುಗುವಿಕೆಯ ನಡುವೆ ಆಕಾಶ ಸುಮ್ಮನಿರುತ್ತದೆಯೇ? ಕಾಕಾ ತಮ್ಮ ಹಳೆಯ ಎಚ್‌ಎಂಟಿ ಗಡಿಯಾರ ಬಿಚ್ಚಿ ಹಲಗೆಯ ಮೇಲಿಟ್ಟರು. ಕೆಂಪು ಕಾಗದ ಸುತ್ತಿದ ಟಾರ್ಚು ನಾನು ಹಿಡಿದೆ. ಸೆಕೆಂಡ್ ಮುಳ್ಳು ಎಷ್ಟು ಸರಿಯುತ್ತದೋ ಸಿಡಿಯೂ ಅಷ್ಟೇ. ಸ್ಟಾರ್ಟರ್ ಹ್ಯಾಂಡಲ್, ಹಾಲು ಕರೆಯುವುದು, ಬಿತ್ತುವ ಕೂರಿಗೆ, ಏನೆಲ್ಲ ಹಿಡಿದ ಕೈ. ಒಂದು ಚೂರೂ ನಡುಗಲಿಲ್ಲ.

ಅರವತ್ತು ಸೆಕೆಂಡು. ಪರದೆಯಲ್ಲಿ ಹಿಗ್ಗಿಸಿದೆ. ಎಳ್ಳಿಗಿಂತ ಸಣ್ಣ ಚುಕ್ಕೆಗಳು. ಸ್ಟ್ಯಾಕಿಂಗ್ ಇಲ್ಲದೆಯೇ ನೀಹಾರಿಕೆ ಕಾಣುತ್ತಿತ್ತು, ಗುಲಾಬಿ ಬಣ್ಣದಲ್ಲಿ, ಒಂದೇ ಫೋಟೋದಲ್ಲಿ.

"ಬಂತೇನು?"

"ಬಂತು ಕಾಕಾ."

"ಹಂಗಾರ ಇನ್ನ ಎಷ್ಟ?"

"ಐವತ್ತೊಂಬತ್ತು."

ಕಾಕಾ ಏನೂ ಅನ್ನದೆ ಸಿಡಿಯನ್ನು ಹಿಂದಕ್ಕೆ ಸುತ್ತಿ ಶುರುವಿನ ಗುರುತಿಗೆ ತಂದರು. ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾಯತೊಡಗಿದರು.